ಮನೆಯ ಪಾನೀಯ, ಊರಿನ ನೀರು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಗೆ ಬೇಸಿಗೆ ಬಂದಿತೆಂದರೆ ಮನೆಮನೆಯಲ್ಲಿಯೂ ಜೋಳದ ಅಂಬಲಿ, ಮಜ್ಜಿಗೆ, ಬೆಲ್ಲದ ಪಾನಕಗಳು ಸಿದ್ಧವಾಗುತ್ತವೆ; ಮಳೆಗಾಲದಲ್ಲಿ ಶುಂಠಿ, ಮೆಣಸು, ಜೀರಿಗೆಗಳ ಕಷಾಯವು ಒಲೆಯೇರುತ್ತದೆ. ಇವನ್ನು ಮೌಢ್ಯವೆಂದು ಹಳಿಯುವವರ ಮಾತು ನಮಗೆ ಸಮ್ಮತವಲ್ಲ. ಸರ್ವರೋಗಗಳಿಗೂ ಮದ್ದೆಂದು ಸಾರುವವರ ಮಾತೂ ಸಮ್ಮತವಲ್ಲ.

ಇವುಗಳ ಗುಣವನ್ನು ವಾಚಕರು ನಿಷ್ಪಕ್ಷಪಾತದಿಂದ ಅಳೆಯಬೇಕು. ಬಿಸಿಲಿನಲ್ಲಿ ದುಡಿದವನು ಬೆವರಿನೊಡನೆ ಕಳೆದುಕೊಂಡ ನೀರನ್ನೂ ಉಪ್ಪನ್ನೂ ಉಪ್ಪು ಬೆರೆಸಿದ ಮಜ್ಜಿಗೆಯು ಮರಳಿ ಕೊಡುತ್ತದೆ. ಅಂಬಲಿಯು ಕಸುವನ್ನೂ ಕೊಡುತ್ತದೆ. ವಾಂತಿಭೇದಿಯಾದಾಗ ಒಂದು ಲೀಟರು ಶುದ್ಧ ನೀರಿನಲ್ಲಿ ಅಂಚಿಗೆ ಸಮನಾಗಿ ತುಂಬಿದ 6 ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಸಿದರೆ, ವೈದ್ಯರ ಬಳಿಗೆ ಹೋಗುವವರೆಗೆ ಅದೇ ಪ್ರಾಣಾಧಾರ. ಶುಂಠಿಯ ಕಷಾಯವು ಗಂಟಲಿಗೆ ಹಿತಕರ. ಆದರೆ ಕ್ಷಯವನ್ನಾಗಲಿ, ಮಧುಮೇಹವನ್ನಾಗಲಿ, ರಕ್ತದೊತ್ತಡವನ್ನಾಗಲಿ ಯಾವ ಕಷಾಯವೂ ಗುಣಪಡಿಸಲಾರದು. ಬೆಲ್ಲವೂ ಸಕ್ಕರೆಯಂತೆಯೇ ರಕ್ತದ ಸಕ್ಕರೆಯನ್ನು ಏರಿಸುವುದರಿಂದ, ಮಧುಮೇಹಿಗೆ ಪಾನಕವು ಪಥ್ಯವಲ್ಲ.

ಇದಕ್ಕಿಂತಲೂ ದೊಡ್ಡ ಮಿತಿಯೊಂದುಂಟು. ಪಾನೀಯದ ಬಹುಭಾಗವು ನೀರೇ ಅಲ್ಲವೆ? ಗದಗ ಜಿಲ್ಲೆಯ, ವಿಶೇಷತಃ ಮುಂಡರಗಿ ತಾಲೂಕಿನ, ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ದೊರೆಯದೆಡೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂಬುದು ನಮ್ಮ ದೇಶದಲ್ಲಿ ಗೊತ್ತುಪಡಿಸಿದ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣವು ಇನ್ನೂ ಹೆಚ್ಚಿದ್ದರೆ ಎಲುಬು, ಕೀಲುಗಳು ಬಿಗಿದುಕೊಳ್ಳುತ್ತವೆ. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಸಾಂದ್ರವಾಗುತ್ತದೆ. ನಾಲ್ಕು ಪಾಲು ನೀರನ್ನು ಒಂದು ಪಾಲಿಗಿಳಿಸಿದ ಕಷಾಯದ ಪ್ರತಿ ಗುಟುಕಿನಲ್ಲಿಯೂ ಅದು ಹೆಚ್ಚುಕಡಿಮೆ ನಾಲ್ಮಡಿಯಾಗಿರುತ್ತದೆ. ಆರೋಗ್ಯಕ್ಕೆಂದು ಕುಡಿದುದೇ ಅನಾರೋಗ್ಯಕ್ಕೆ ಕಾರಣವಾಗುವುದು ಎಂಥ ವಿಪರ್ಯಾಸ!

ಈ ದೋಷವನ್ನು ಗೃಹಿಣಿಯ ಕೈಗುಣವು ಕಳೆಯಲಾರದು. ಅದು ಸರಕಾರದ ಹೊಣೆ. ತುಂಗಭದ್ರೆಯು ಮುಂಡರಗಿ, ಶಿರಹಟ್ಟಿ ತಾಲೂಕುಗಳ ಅಂಚಿನಲ್ಲಿಯೇ ಹರಿಯುತ್ತಾಳೆ. ಹಮ್ಮಿಗಿಯ ಬಳಿ ಅವಳಿಗೆ ಬ್ಯಾರೇಜನ್ನೂ ಕಟ್ಟಲಾಗಿದೆ. ಆ ನೀರು ಶುದ್ಧಗೊಂಡು ಪ್ರತಿಯೊಂದು ಹಳ್ಳಿಗೂ ತಪ್ಪದೆ ಮುಟ್ಟಬೇಕು. ಶುದ್ಧ ನೀರಿನ ಘಟಕಗಳು ಕೆಟ್ಟು ನಿಂತರೆ ಕೂಡಲೆ ದುರಸ್ತಿಯಾಗಬೇಕು. ಪ್ರತಿಯೊಂದು ಕೊಳವೆಬಾವಿಯ ಪರೀಕ್ಷಾಫಲವನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯಿಸಬೇಕು. ಅಲ್ಲಿಯವರೆಗೆ ಜನರು ಮಜ್ಜಿಗೆಗೂ ಕಷಾಯಕ್ಕೂ ಪರೀಕ್ಷಿತ ನೀರನ್ನೇ ಬಳಸಲಿ. ಅಂಥ ನೀರನ್ನು ಕೇಳುವುದು ತಮ್ಮ ಹಕ್ಕೆಂಬುದನ್ನು ಮರೆಯದಿರಲಿ.