ಓಟವೂ ವಿನೋದವೆ?

"ಹೊಟ್ಟೆಪಾಡಿಗೆ ಓಡಾಡುವುದು ಸಾಲದೆ, ಸುಮ್ಮನೆ ಬೇರೆ ಓಡಬೇಕೆ?" ಎಂದು ನಮ್ಮ ಮನೆಯಲ್ಲಿ ಕೇಳುತ್ತಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಸಂತೋಷಕ್ಕಾಗಿ ಬೆವರು ಸುರಿಸಿದವರಲ್ಲಿಯೂ ನಾನೇ ಮೊದಲಿಗನಿರಬೇಕು. ಆದಕಾರಣ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ದೇಹವಿರುವುದು ದುಡಿಮೆಗೆ ಮಾತ್ರ ಎಂಬುದು ಬಡತನ ಕಲಿಸಿದ ಪಾಠ. ಅದನ್ನು ಒಪ್ಪಿಬಿಟ್ಟರೆ ವಿನೋದವೆಲ್ಲ ಉಳ್ಳವರ ಪಾಲಾಗುತ್ತದೆ.

2008ರಲ್ಲಿ ನಮ್ಮ ನಗರದಲ್ಲಿ ಆರಂಭವಾದ 10 ಕಿಲೋಮೀಟರ್ ಓಟವನ್ನು ವಾಚಕರು ಬಲ್ಲರು. ಬಹುಕಾಲ ಮೇ ತಿಂಗಳಲ್ಲಿ ನಡೆದು, 2024ರಲ್ಲಿ ಏಪ್ರಿಲಿಗೆ ಬಂದಿತು. ಅಂತೂ ಬೇಸಿಗೆ ತಪ್ಪಲಿಲ್ಲ. 2022ರಲ್ಲಿ ಕೀನ್ಯದ ನಿಕೊಲಸ್ ಕಿಮೆಲಿ ಅದನ್ನು 27 ನಿಮಿಷ 38 ಸೆಕೆಂಡುಗಳಲ್ಲಿ ಮುಗಿಸಿದರು. ಅಷ್ಟು ಹೊತ್ತಿನಲ್ಲಿ ನಮ್ಮ ಗುಂಪು ಅರ್ಧ ದಾರಿಯನ್ನೂ ಕಾಣದು! ನಾಚಿಕೆಯೇನಿಲ್ಲ. ಸೆಕೆಯಲ್ಲಿ ಮೈಯನ್ನು ತಣಿಸಲು ರಕ್ತವು ಚರ್ಮದತ್ತ ಹೆಚ್ಚು ಹರಿಯುವುದರಿಂದ ಹೃದಯಕ್ಕೆ ಶ್ರಮ ಹೆಚ್ಚು. ಜೊತೆಗಾರನೊಡನೆ ಮಾತಾಡುವಷ್ಟು ಉಸಿರು ಉಳಿಸಿಕೊಂಡು ಓಡುವವನೇ ಜಾಣ.

ನನ್ನ ತಕರಾರು ಬೇರೆ. ಇಂಥ ಓಟಗಳಿಗೆ ಪ್ರವೇಶ ಶುಲ್ಕವಿದೆ. ನಮ್ಮಂಥವರಿಗೆ ಅದು ಪುಸ್ತಕದ ಹಣ. ಮುಂಜಾನೆ ಆರಕ್ಕೆ ಚಾಮರಾಜಪೇಟೆಯಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಬಸವನಗುಡಿಯ ಕಹಳೆ ಬಂಡೆಯವರೆಗೆ ಓಡಲು ಯಾರಿಗೂ ಕಾಸು ಕೊಡಬೇಕಿಲ್ಲ. ನಮ್ಮ ಕಾಲೇಜೇ ಬೇಸಿಗೆಯ ರಜಕ್ಕೆ ಮೊದಲು ಅಂಥದೊಂದು ಓಟವನ್ನು ಏಕೆ ಏರ್ಪಡಿಸಬಾರದು? ಪದಕ ಬೇಡ, ಅಂಗಿ ಬೇಡ, ಬೂಟಿಲ್ಲದವನಿಗೂ ಎಡೆಯಿರಲಿ. ಅಧ್ಯಾಪಕರೂ ಬರುವ ಕೃಪೆ ಮಾಡಲಿ, ನಡೆದರೂ ಸರಿಯೆ. ಕೊನೆಯವನು ಬಂದು ಮುಟ್ಟುವವರೆಗೂ ನೀರಿನ ಕೊಡ ಬರಿದಾಗದಂತೆ ನೋಡಿಕೊಳ್ಳಲು ನಾವು ಆರು ಮಂದಿ ಗೆಳೆಯರು ಸಿದ್ಧರಿದ್ದೇವೆ.