ಮೊದಲು ಗಡಿಯಾರ, ಆಮೇಲೆ ಬರಹ

ಬೆಟ್ಟಂಪಾಡಿಯ ಅಡಿಕೆ ತೋಟದ ನಡುವೆ ಕುಳಿತು ವರ್ಡ್‌ಪ್ರೆಸ್ ಹಾಕಿಕೊಂಡವರಿಗೂ ಬರೆಯುವ ಅವಸರವೇ ಹೆಚ್ಚು; ಸೆಟ್ಟಿಂಗ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಒಕ್ಕಲಾಗುವ ಮುನ್ನ ಹೊಸ ಮನೆಯ ಗಡಿಯಾರವನ್ನಾದರೂ ಸರಿಪಡಿಸಬೇಡವೇ? ಟೈಮ್‌ಝೋನ್‌ನಲ್ಲಿ ಕೋಲ್ಕತ್ತಾ ಆರಿಸದಿದ್ದರೆ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲೇ, ಅಂದರೆ ನಮಗಿಂತ 5 ಗಂಟೆ 30 ನಿಮಿಷ ಹಿಂದೆ ಉಳಿಯುತ್ತದೆ. ಬೆಳಗಿನ ಜಾವ 5ಕ್ಕೆ ಪ್ರಕಟಿಸಿದ ಬರಹಕ್ಕೆ ನಿನ್ನೆಯ ತಾರೀಕು! ಇನ್ನೊಂದು, ಪರ್ಮಾಲಿಂಕ್, ಅಂದರೆ ಬರಹದ ಕಾಯಂ ವಿಳಾಸ. ಶೀರ್ಷಿಕೆಯೇ ವಿಳಾಸವಾಗುವಾಗ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಒಳಗೊಳಗೇ 9 ಚಿಹ್ನೆಗಳಾಗಿ ಹಿಗ್ಗುತ್ತದೆ. ‘ಬೆಟ್ಟಂಪಾಡಿ’ ಎಂಬ ಹೆಸರೊಂದೇ 90 ನುಂಗುತ್ತದೆ. ಒಟ್ಟು ಮಿತಿ 200. ಉದ್ದ ಶೀರ್ಷಿಕೆಯಾದರೆ ವಿಳಾಸದ ಬಾಲ ತುಂಡು. ಶೀರ್ಷಿಕೆ ಕನ್ನಡದಲ್ಲಿ ಎಷ್ಟುದ್ದವಾದರೂ ಇರಲಿ, ವಿಳಾಸವನ್ನು ಮಾತ್ರ ಪ್ರಕಟಿಸುವ ಮುನ್ನವೇ ಎರಡು ಪದಕ್ಕೆ ಇಳಿಸಿಬಿಡಿ.