ನಂಜಿನ ಭಯಕ್ಕೆ ರೋಗಿಯ ಊಟ ನಿಲ್ಲದಿರಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಊಟದಲ್ಲಿ ಮೊದಲು ನಿಲ್ಲುವುದು ಮೀನು. ‘ಮೀನ್ ತಿನ್‌ಬ್ಯಾಡ, ನಂಜ್ ಆತ್ತ್’ ಎನ್ನುವವರು ನೆರೆಯಲ್ಲೂ ನೆಂಟರಲ್ಲೂ ಇದ್ದೇ ಇರುತ್ತಾರೆ. ಆಮೇಲೆ ಮೊಟ್ಟೆ ಹೋಗುತ್ತದೆ, ಬದನೆ ಹೋಗುತ್ತದೆ. ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶ ಬಂದ ಮೇಲೆ ಹಾಲು, ಹಣ್ಣಿಗೂ ಹೆದರಿಕೆ. ಕೊನೆಗೆ ಉಳಿಯುವುದು ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪು. ಪ್ರೀತಿಯಿಂದಲೇ ಮಾಡಿಸುವ ಈ ಪಥ್ಯ ರೋಗಿಯನ್ನು ಸೊರಗಿಸುತ್ತಿದೆ.

ಗಂಜಿ ಕೆಟ್ಟದ್ದಲ್ಲ. ವಾಂತಿ, ಬಾಯಿಹುಣ್ಣು ಇರುವಾಗ ಅದರಷ್ಟು ಹಿತವಾಗಿ ಇಳಿಯುವ ಆಹಾರ ಕಡಿಮೆ. ಆದರೆ ಅದೊಂದೇ ಸಾಲದು. ಚಿಕಿತ್ಸೆಯಲ್ಲಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕಿಲೋ ಕ್ಯಾಲೊರಿ ಬೇಕೆಂಬುದು ಯುರೋಪಿನ ಪೋಷಣಾ ತಜ್ಞರ ಸಂಸ್ಥೆ ‘ಎಸ್ಪೆನ್’ ಕೊಟ್ಟ ಮಾರ್ಗಸೂಚಿ. ಅಂದರೆ 50 ಕಿಲೋ ತೂಕದವರಿಗೆ ಕನಿಷ್ಠ 50 ಗ್ರಾಂ ಪ್ರೋಟೀನ್. ಒಂದು ಬಟ್ಟಲು ಗಂಜಿಯಲ್ಲಿ ಸಿಗುವುದು ಹೆಚ್ಚೆಂದರೆ ನಾಲ್ಕೈದು ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6, ನೂರು ಗ್ರಾಂ ಮೀನಿನಲ್ಲಿ 18ರಿಂದ 20 ಗ್ರಾಂ ಇದೆ. ಗಂಗೊಳ್ಳಿ, ಮರವಂತೆ, ಹಂಗಾರಕಟ್ಟೆಯಲ್ಲಿ ದೋಣಿ ದಡಕ್ಕೆ ಬರುವ ಊರಿನಲ್ಲಿ ರೋಗಿಯ ತಟ್ಟೆಯಿಂದ ಮೀನನ್ನೇ ತೆಗೆಯುವುದು ಎಂಥ ನಷ್ಟ!

ತೂಕ ಇಳಿದರೆ ಸ್ನಾಯು ಕರಗುತ್ತದೆ, ಸೋಂಕು ತಗಲುತ್ತದೆ. ಕಿಮೊಥೆರಪಿಯ ಮುಂದಿನ ಸುತ್ತನ್ನು ವೈದ್ಯರು ಮುಂದೂಡಬೇಕಾಗಬಹುದು, ಔಷಧದ ಪ್ರಮಾಣ ಇಳಿಸಬೇಕಾಗಬಹುದು. ಸಕ್ಕರೆ ಬಿಟ್ಟ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳುವುದಿಲ್ಲ, ಉಪವಾಸ ಬೀಳುವುದು ರೋಗಿ. (ಮಧುಮೇಹ, ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ. ಅವರಿಗೆ ವೈದ್ಯರು ಹೇಳಿದ್ದೇ ಅಳತೆ.)

ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿರುವ ನಮ್ಮಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಅಪರೂಪವಲ್ಲ. ಈ ರೋಗಿಗಳ ಕಷ್ಟ ಎಲ್ಲರಿಗಿಂತ ದೊಡ್ಡದು. ಆರೇಳು ವಾರದ ವಿಕಿರಣ ಚಿಕಿತ್ಸೆಯಲ್ಲಿ ಬಾಯಿ ಹುಣ್ಣಾಗಿ, ಜೊಲ್ಲು ಒಣಗಿ, ನೀರು ನುಂಗಿದರೂ ಉರಿ. ಖಾರದ ಸಾರು, ಮಿಡಿ ಉಪ್ಪಿನಕಾಯಿ, ಒಣಮೀನು ಆಗ ಬೇಡ. ಮುಳ್ಳು ತೆಗೆದು ಹಿಸುಕಿದ ಕಾಣೆ ಮೀನು, ಚೆನ್ನಾಗಿ ಬೆಂದ ಮೊಟ್ಟೆ, ರಾಗಿ ಮಣ್ಣಿ, ಹೆಸರುಬೇಳೆ ಪಾಯಸ, ತೆಂಗಿನಹಾಲು ಬೆರೆಸಿದ ಗಂಜಿ ಇಳಿಯುತ್ತವೆ. ಮೂರು ಹೊತ್ತಿನ ಬದಲು ಎರಡೆರಡು ತಾಸಿಗೊಮ್ಮೆ ಸ್ವಲ್ಪಸ್ವಲ್ಪ ಕೊಡಬೇಕು. ಅದೂ ಇಳಿಯದಿದ್ದರೆ ವೈದ್ಯರು ಮೂಗಿನ ನಳಿಕೆ ಹಾಕೋಣ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ನಳಿಕೆ ಎಂದರೆ ಕೊನೆಗಾಲವೆಂಬ ಭಯ. ಅದು ಹುಣ್ಣು ಮಾಯುವವರೆಗಿನ ದಾರಿ ಮಾತ್ರ, ಎಷ್ಟೋ ಮಂದಿಗೆ ಆಮೇಲೆ ತೆಗೆಯುತ್ತಾರೆ.

ಮೀನು ತಿನ್ನದ ಮನೆಗಳಲ್ಲಿ ಹಾಲು, ಮೊಸರು, ಉದ್ದು, ಹುರುಳಿ, ಹೆಸರಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತು ಮೀನು ತುಟ್ಟಿಯಾದಾಗ ಉಳಿದವರಿಗೂ ಇವೇ ಗತಿ. ಬಿಳಿರಕ್ತಕಣ ಇಳಿದಿರುವಾಗ ಹಸಿಯದು, ತಂಗಳು ಬೇಡ. ಎಲ್ಲವೂ ಚೆನ್ನಾಗಿ ಬೆಂದಿರಲಿ. ಹೆಸರು ಗೊತ್ತಿಲ್ಲದ ಬೇರಿನ ಕಷಾಯ ಯಕೃತ್ತಿಗೂ ಔಷಧಕ್ಕೂ ಅಡ್ಡಬರಬಹುದು, ವೈದ್ಯರಿಗೆ ಹೇಳದೆ ಕುಡಿಸಬೇಡಿ.

2025ರಿಂದ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಶುರುವಾಗಿದೆ. ಔಷಧ ಊರಿನ ಹತ್ತಿರ ಬಂದಂತೆ ಆಹಾರತಜ್ಞರೂ ತಾಲೂಕು ಆಸ್ಪತ್ರೆಗೆ ಬರಬೇಕು. ವಾರಕ್ಕೊಮ್ಮೆ ತೂಕ ನೋಡಿ, ಏನು ತಿಂದಿರಿ ಎಂದು ಕೇಳುವವರು ಬೇಕು. ಅಲ್ಲಿಯವರೆಗೆ ಮನೆಯವರು ಮುಂದಿನ ಭೇಟಿಯಲ್ಲಿ ವೈದ್ಯರನ್ನು ನೇರವಾಗಿ ಕೇಳಿ: ಮೀನು ಕೊಡಬಹುದೇ, ಮೊಟ್ಟೆ ಎಷ್ಟು, ಯಾವುದು ಬೇಡ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.